ಗೆದ್ದದ್ದು ಯಾರು ಎಂದು ಕೇಳುವವರಿಗೆ

“ಶನಿವಾರ ರಾತ್ರಿ ಐದು ಜನ ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತೀರಂತೆ. ಕೊನೆಗೆ ಗೆಲ್ಲುವುದು ಯಾರು?”

ಆರು ವರ್ಷಗಳಿಂದ ಇದನ್ನು ಕೇಳುತ್ತಿದ್ದೇನೆ. ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಬಸ್ಸಿಗೆ ಕಾಯುವಾಗ ಕೇಳಿದ್ದಾರೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಮಲಗಿದ್ದಾಗಲೂ ಕೇಳಿದ್ದಾರೆ. ಇನ್ನು ಬಾಯಲ್ಲಿ ಹೇಳಲಾರೆ. ಯಾರೂ ಗೆಲ್ಲುವುದಿಲ್ಲ. ಸೋಲುವುದೂ ಇಲ್ಲ. ಇಷ್ಟು ಸಾಕಾದವರು ಇಲ್ಲಿಗೇ ನಿಲ್ಲಿಸಬಹುದು.

ಆಟದ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ಹೊರತಂದರು. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ಕೋಟೆಯ ಗೋಡೆ ಹತ್ತುತ್ತೇನೆ, ಕಾವಲುಗಾರನಿಗೆ ಸುಳ್ಳು ಹೇಳುತ್ತೇನೆ ಎಂದು ಯಾರಾದರೂ ಹೊರಟರೆ, ಅದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಬಿದ್ದ ಅಂಕೆಗೆ ಆ ಪಾತ್ರದ ಸಾಮರ್ಥ್ಯದ ಅಂಕೆ ಸೇರಿಸಬೇಕು. ಕೆಲಸ ಎಷ್ಟು ಕಷ್ಟವೆಂದು ಕತೆ ನಡೆಸುವವರು ಮೊದಲೇ ಒಂದು ಗುರಿ ಇಟ್ಟಿರುತ್ತಾರೆ, ಹದಿನೈದು ಎಂದಿಟ್ಟುಕೊಳ್ಳಿ. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗೋಡೆ ಹತ್ತಿದ ಹಾಗೆ. ಬಾರದಿದ್ದರೆ ಕತೆ ಬೇರೆ ದಾರಿ ಹಿಡಿಯುತ್ತದೆ. ನಮ್ಮಲ್ಲಿ ಕತೆ ನಡೆಸುವವಳು ನಾನು.

ನನ್ನ ದಾಳದ ಬಣ್ಣ ಹಣ್ಣಾದ ಪುನರ್ಪುಳಿಯದು. ಆರು ಮತ್ತು ಒಂಬತ್ತು ಅದಲುಬದಲಾಗದಂತೆ ಅವುಗಳ ಕೆಳಗೆ ಸಣ್ಣ ಗೆರೆ ಇದೆ. ಎದುರುಬದುರಿನ ಮುಖಗಳನ್ನು ಕೂಡಿಸಿದರೆ ಯಾವಾಗಲೂ 21. ಇದರ ಜೊತೆಗೆ ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು ಮುಖದವೂ ಒಂದು ಬಟ್ಟೆಯ ಚೀಲದಲ್ಲಿರುತ್ತವೆ. ಎಲ್ಲ ರಗಳೆಗೂ ಆ ಚೀಲವೇ ಕಾರಣ.

ನೀರ್ಚಾಲಿನಲ್ಲಿ ಸಂಬಂಧಿಕರ ಮನೆಯೊಕ್ಕಲು. ಬ್ಯಾಗಿನಿಂದ ಮಲ್ಲಿಗೆ ತೆಗೆಯುವಾಗ ಚೀಲ ಜಾರಿತು. ದಾಳಗಳು ಹೊಸ ಟೈಲ್ಸಿನ ಮೇಲೆ ಉರುಳಿಕೊಂಡು ಹೋಗಿ ಹಿರಿಯರ ಚಾಪೆಯ ಬಳಿ ನಿಂತವು. ದೊಡ್ಡಪ್ಪ ಇಪ್ಪತ್ತು ಮುಖದ್ದನ್ನು ಎತ್ತಿ ಬೆಳಕಿಗೆ ಹಿಡಿದರು. “ಎಷ್ಟು ಇಟ್ಟು ಆಡುತ್ತೀ ಮಗಳೇ? ಧರ್ಮರಾಯನೂ ಹೀಗೇ ಶುರು ಮಾಡಿದ್ದು.” ಚಾವಡಿಯೆಲ್ಲ ನಕ್ಕಿತು. ದುಡ್ಡಿನ ಆಟವಲ್ಲ ಎಂದೆ. “ಹಾಗಾದರೆ ಗೆದ್ದವರಿಗೆ ಏನು ಸಿಗುತ್ತದೆ?” ಎಂದರು. ಏನೂ ಇಲ್ಲ ಎಂದೆ. “ಮತ್ತೆ ಯಾಕೆ ನಿದ್ದೆಗೆಡುವುದು?”

ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ಬೇರೆ ಯಾರಾದರೂ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ದೊಡ್ಡಪ್ಪ ನಲವತ್ತು ವರ್ಷಗಳಿಂದ ತಾಳಮದ್ದಳೆಯಲ್ಲಿ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರವಾಗಿ ಅರ್ಥ ಹೇಳುವವರು. ಅದೇ ಚಾವಡಿಯಲ್ಲಿ ಅದೇ ಸಂಜೆ ವಾಲಿಯ ಅರ್ಥ ಹೇಳಲು ಬಂದವರು! ವೇಷವಿಲ್ಲ, ಕುಣಿತವಿಲ್ಲ, ಬಾಯಿಪಾಠದ ಮಾತೂ ಇಲ್ಲ. ಹಾಡಿ ಪ್ರಸಂಗ ನಡೆಸುವ ಭಾಗವತರ ಪದ ಮುಗಿದೊಡನೆ ಬಿಳಿ ಪಂಚೆಯ ಈ ಮನುಷ್ಯ ವಾನರರಾಜನಾಗುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದೇನು ಧರ್ಮ ಎಂದು ರಾಮನನ್ನು ನಿಲ್ಲಿಸಿ ಕೇಳುತ್ತಾನೆ. ರಾಮನಾಗಿ ಕುಳಿತವರು ಆ ಕ್ಷಣದಲ್ಲೇ ಉತ್ತರ ಹುಡುಕಬೇಕು. ವಾಲಿ ಸಾಯುತ್ತಾನೆಂದು ಸಭೆಯ ಮಕ್ಕಳಿಗೂ ಗೊತ್ತು. ಆದರೂ ಯಾರೂ ಏಳುವುದಿಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥದ ಕ್ಯಾಸೆಟ್ಟುಗಳನ್ನು ಅಜ್ಜ ಸವೆಯುವವರೆಗೆ ಕೇಳಿದರು. ಕೊನೆಗೆ ಗೆದ್ದದ್ದು ಯಾರೆಂದು ತಿಳಿಯುವುದಕ್ಕಲ್ಲ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಸೀಮೆಯಲ್ಲಿ ಹುಟ್ಟಿದವರಿಗೆ ನಾನು ಪಾತ್ರದ ಮಾತನ್ನು ವಿವರಿಸಬೇಕೇ? ನಮ್ಮ ಗುಂಪು ನನ್ನನ್ನು ಕರೆಯುವುದೇ ಭಾಗವತರು ಎಂದು. ಎರಡೂ ಒಂದೇ ಎನ್ನಲಾರೆ. ತಾಳಮದ್ದಳೆಗೆ ಶತಮಾನಗಳ ಹಾಡು, ತಾಳ, ಪುರಾಣಗಳ ಬಲವಿದೆ. ನಮಗಿರುವುದು ನಿಯಮದ ಪುಸ್ತಕ ಮತ್ತು ದಾಳ. ಆದರೆ ನಮ್ಮ ಪ್ರಸಂಗದ ಕೊನೆ ನನಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ವಾಲಿ ಬದುಕಿಯೂ ಬಿಡಬಹುದು.

ದೊಡ್ಡಪ್ಪ ಬೇರೊಂದು ಪ್ರಶ್ನೆ ಕೇಳಿದ್ದರೆ ಊಟ ಬಿಟ್ಟು ಕುಳಿತು ಹೇಳುತ್ತಿದ್ದೆ: ನಿಮ್ಮ ರಾಕ್ಷಸರು ಯಾವ ಭಾಷೆ ಮಾತನಾಡುತ್ತಾರೆ?

ಪುಸ್ತಕ ಇಂಗ್ಲಿಷಿನದು. ಅದರಲ್ಲಿ ಯಕ್ಷರಂಥ ಎಲ್ಫ್‌ಗಳಿಗೊಂದು, ಕುಬ್ಜರಿಗೊಂದು, ಡ್ರ್ಯಾಗನ್ನುಗಳಿಗೊಂದು ಭಾಷೆ ಇದೆ. ಪ್ರತಿ ಪಾತ್ರಕ್ಕೂ ಯಾವ ಯಾವ ಭಾಷೆ ಬರುತ್ತದೆಂದು ಮೊದಲೇ ಬರೆದಿಡಬೇಕು. ಬೇರೆ ಊರಿನವರು ಆ ಸಾಲನ್ನು ಹಾರಿಸಬಹುದು. ಕಾಸರಗೋಡಿನವರಾದ ನಮಗೆ ಅದೇ ಆಟದ ಜೀವ. ಮನೆಯಲ್ಲಿ ಹವ್ಯಕ, ಅಂಗಡಿಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವಳು ನಾನು. 1956ರ ನವೆಂಬರ್ ಒಂದರಂದು ಈ ತಾಲೂಕು ಕೇರಳಕ್ಕೆ ಸೇರಿತು. ಅರ್ಜಿಯೊಂದನ್ನು ಯಾವ ಭಾಷೆಯಲ್ಲಿ ಕೊಡಬೇಕೆಂದು ಕೌಂಟರಿನ ಮುಂದೆ ತಡೆದು ನಿಂತ ಅಪ್ಪನ ಮುಖ ನನಗೆ ನೆನಪಿದೆ. ಆದ್ದರಿಂದ ನನ್ನ ರಾಜರು ಅರ್ಥಧಾರಿಗಳ ಕನ್ನಡದಲ್ಲಿ ಗರ್ಜಿಸುತ್ತಾರೆ, ಸುರಂಗದ ಕುಳ್ಳರು ತುಳುವಿನಲ್ಲಿ ಚೌಕಾಸಿ ಮಾಡುತ್ತಾರೆ. ಯಾವ ಪಾತ್ರಕ್ಕೆ ಎದುರಿನವರ ಭಾಷೆ ಬಾರದೋ ಆ ಪಾತ್ರ ಆಡುವವರು ಬಾಯಿ ಮುಚ್ಚಿ ಕೈಸನ್ನೆಯಲ್ಲೇ ತಿಳಿಸಬೇಕು. ಇದು ನಾನೇ ಸೇರಿಸಿದ ನಿಯಮ.

ಕಳೆದ ಶನಿವಾರ ನಾಲ್ವರೂ ಚಂದ್ರಗಿರಿಯಂಥದೊಂದು ಹೊಳೆಯ ದಡ ಮುಟ್ಟಿದರು. ಹಿಂದೆ ಸೈನ್ಯ, ಮುಂದೆ ಒಂದೇ ದೋಣಿ. ದೋಣಿಗಾರ ಹುಟ್ಟನ್ನು ಅಡ್ಡ ಹಿಡಿದು “ಎವಿಡೆಕ್ಕಾ?” ಎಂದ. ಎಲ್ಲಿಗೆ ಎಂದು ಕೇಳಿದ್ದು ಮೇಜಿನ ಸುತ್ತ ಎಲ್ಲರಿಗೂ ಅರ್ಥವಾಯಿತು. ಆದರೆ ಅವರ ಪಾತ್ರಗಳಲ್ಲಿ ಮಲಯಾಳ ಬರುವುದು ಒಬ್ಬಳಿಗೆ ಮಾತ್ರ, ಮತ್ತು ಆ ಸೈನ್ಯ ಬಿಟ್ಟು ಓಡಿಬಂದವಳು ಅವಳೇ. ಅವಳು ದಾಳ ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಗಂಟೆ ಹನ್ನೆರಡೂವರೆಯಾಗಿತ್ತು. ದೋಣಿಗಾರ ಇನ್ನೂ ಅಲ್ಲೇ ನಿಂತಿದ್ದಾನೆ.