ಬದುಕಿಗೊಂದು ಆರ್‌ಆರ್

ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸಲ್ಲಿ ಹೋಗಿಬರುವವರಿಗೆ ಇದು ಖಂಡಿತ ಗೊತ್ತಿರುತ್ತದೆ. ಕಿಟಕಿ ಸೀಟು ಸಿಕ್ಕಿ, ಇಯರ್‌ಫೋನ್ ಕಿವಿಗಿಟ್ಟ ಕೂಡಲೇ ಹೊರಗಿನದ್ದೆಲ್ಲ ಸಿನಿಮಾ ಆಗಿಬಿಡುತ್ತದೆ. ಕಟಪಾಡಿಯಲ್ಲಿ ಓಡಿ ಬಂದು ಬಸ್ ಹತ್ತುವ ಹುಡುಗಿ, ಪಡುಬಿದ್ರಿಯಲ್ಲಿ ಮಲ್ಲಿಗೆ ಚೆಂಡು ಹಿಡಿದು ನಿಂತ ಹೆಂಗಸು, ಎಲ್ಲರಿಗೂ ಒಂದೊಂದು ಕಥೆ ಇದೆ ಅನ್ನಿಸುತ್ತದೆ. ಮೂಲ್ಕಿಯಲ್ಲಿ ಶಾಂಭವಿ ಹೊಳೆ ಕಾಣುವ ಹೊತ್ತಿಗೆ ಸರಿಯಾಗಿ ವಯೊಲಿನ್ ಎದ್ದಿತು ಅಂದ್ರೆ ಮುಗಿಯಿತು, ಆವತ್ತಿಡೀ ಮನಸ್ಸು ಹಗುರ.

ಸಿನಿಮಾದವರು ಹಿನ್ನೆಲೆ ಸಂಗೀತಕ್ಕೆ ಆರ್‌ಆರ್ ಅಂತಾರೆ, ರೀರೆಕಾರ್ಡಿಂಗ್. ಹಾಡುಗಳು ಸಾಮಾನ್ಯವಾಗಿ ಶೂಟಿಂಗ್‌ಗೆ ಮೊದಲೇ ತಯಾರಾಗುತ್ತವೆ, ಆರ್‌ಆರ್ ಮಾತ್ರ ಎಡಿಟಿಂಗ್ ಆದಮೇಲೆ. ಸಂಗೀತ ನಿರ್ದೇಶಕರು ಚಿತ್ರ ನೋಡುತ್ತಾ ಎಲ್ಲಿ ಬಾರಿಸಬೇಕು, ಎಲ್ಲಿ ಸುಮ್ಮನಿರಬೇಕು ಅಂತ ಗುರುತು ಹಾಕಿಕೊಳ್ಳುತ್ತಾರೆ. ಸೆಕೆಂಡಿಗೆ 24 ಫ್ರೇಮ್. ಅರ್ಧ ಸೆಕೆಂಡು ತಡ ಆದರೆ 12 ಫ್ರೇಮ್ ದಾಟಿರುತ್ತದೆ, ಬಾಗಿಲು ತೆರೆದಾಗಿರುತ್ತದೆ, ಸಂಗೀತ ಆಮೇಲೆ ಬರುತ್ತದೆ. ಅಂದ್ರೆ ಇದು ಎಲ್ಲ ನಡೆದಮೇಲೆ ಮಾಡುವ ಕೆಲಸ. ಮುಂದೇನಾಗುತ್ತದೆ ಅಂತ ಗೊತ್ತಿದ್ದವರು ಮಾತ್ರ ಮಾಡಬಹುದಾದದ್ದು.

ನಮಗೆ ಆ ಸೌಕರ್ಯ ಇಲ್ಲ ನೋಡಿ. ನಮ್ಮ ಬಾಗಿಲು ತೆರೆಯುವಾಗ ಯಾರೂ ತಂತಿ ಮೀಟಿ ಎಚ್ಚರಿಸುವುದಿಲ್ಲ.

ಆದರೆ ನಮ್ಮ ಊರಲ್ಲಿ ಇನ್ನೊಂದು ಬಗೆ ಉಂಟಲ್ವಾ, ಯಕ್ಷಗಾನದ ಹಿಮ್ಮೇಳ. ಚಿಕ್ಕಂದಿನಲ್ಲಿ ಬಯಲಾಟಕ್ಕೆ ಹೋದಾಗ ನಾನು ವೇಷಕ್ಕಿಂತ ಜಾಸ್ತಿ ಚೆಂಡೆಯವರನ್ನೇ ನೋಡುತ್ತಿದ್ದೆ. ತೆಂಕುತಿಟ್ಟಿನಲ್ಲಿ, ಅಂದ್ರೆ ಯಕ್ಷಗಾನದ ತೆಂಕಣ ಶೈಲಿಯಲ್ಲಿ, ಅವರು ನಿಂತೇ ಬಾರಿಸುತ್ತಾರೆ, ಕಣ್ಣು ಪೂರ್ತಿ ವೇಷಧಾರಿಯ ಕಾಲಿನ ಮೇಲೆ. ಆತ ಒಂದು ಸುತ್ತು ಹೆಚ್ಚು ಕುಣಿದರೆ ಚೆಂಡೆಯೂ ಒಂದು ಸುತ್ತು ಹೆಚ್ಚು. ಅರ್ಥ, ಅಂದ್ರೆ ಪಾತ್ರದ ಮಾತು, ಹೇಳುತ್ತಾ ಆತ ಗಂಟಲು ಕಟ್ಟಿ ನಿಂತುಬಿಟ್ಟರೆ ಭಾಗವತರೂ ಜಾಗಟೆ ಮುಟ್ಟದೆ ಕಾಯುತ್ತಾರೆ. ಅಲ್ಲಿ ಸಂಗೀತಕ್ಕೆ ಮುಂದಿನ ಕ್ಷಣ ಪೂರ್ತಿ ಗೊತ್ತಿಲ್ಲ, ಜೊತೆಗಿರುವುದು ಮಾತ್ರ ಗೊತ್ತು. ನನಗೆ ಬೇಕಾದದ್ದು ಅಂಥ ಆರ್‌ಆರ್.

ಕಳೆದ ಮಳೆಗಾಲದಲ್ಲಿ ಅಮ್ಮನಿಗೆ ಆಪರೇಷನ್ ಆಯಿತು, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಎರಡು ಗಂಟೆ ಅಂದಿದ್ದರು, ನಾಲ್ಕು ದಾಟಿತು. ಕಾರಿಡಾರಿನಲ್ಲಿ ಕೂತು ಕೂತು ತಡೆಯಲಾಗದೆ ಇಯರ್‌ಫೋನ್ ಹಾಕಿಕೊಂಡೆ. ಯಾವುದೋ ಮದುವೆ ಮನೆಯ ಕುಣಿತದ ಹಾಡು, ಮುಂದಕ್ಕೆ ಹಾಕುವ ಮನಸ್ಸೂ ಇರಲಿಲ್ಲ. ಆಗಲೇ ಡಾಕ್ಟರ್ ಹೊರಗೆ ಬಂದರು. ನಾನು ಎದ್ದು ಒಂದು ಕಿವಿಯದ್ದನ್ನು ಮಾತ್ರ ಕಿತ್ತೆ. ಬಲಗಿವಿಗೆ ಡಾಕ್ಟರ ಮಾತು, "ರಕ್ತ ಸ್ವಲ್ಪ ಜಾಸ್ತಿ ಹೋಯಿತು, ಈ ರಾತ್ರಿ ಐಸಿಯುನಲ್ಲಿ ಇರಲಿ" ಅಂತ. ಎಡಗಿವಿಯಲ್ಲಿ ಡೋಲು, ಶಿಳ್ಳೆ, ನಗು. ಅವರ ಕೊರಳಲ್ಲಿ ಮಾಸ್ಕ್ ನೇತಾಡುತ್ತಿತ್ತು, ಮೂಗಿನ ಮೇಲೆ ಅದರ ಗೆರೆ ಕೆಂಪಗೆ ಬಿದ್ದಿತ್ತು. ಆ ಗೆರೆಯನ್ನೇ ನೋಡುತ್ತಾ ತಲೆ ಆಡಿಸಿದೆ.

ಈಗಲೂ ಬಸ್ಸಲ್ಲಿ ಆ ಹಾಡು ಹಾಕಿದರೆ ಕೈ ತಣ್ಣಗಾಗುತ್ತದೆ. ಎಂಥ ಸಂತೋಷದ ಹಾಡು ಅದು! ಪಕ್ಕದವರು ಕಾಲಲ್ಲಿ ತಾಳ ಹಾಕುತ್ತಿರುತ್ತಾರೆ, ನನಗೆ ಮಾತ್ರ ಫಿನಾಯಿಲ್ ವಾಸನೆ ಬರುತ್ತದೆ. ಯಾವ ಕ್ಷಣಕ್ಕೆ ಯಾವ ಹಾಡು ಅಂಟಬೇಕು ಅಂತ ನಮ್ಮನ್ನು ಯಾರೂ ಕೇಳುವುದಿಲ್ಲ.

ಆಮೇಲೆ ಸ್ವಲ್ಪ ದಿನ ಇಯರ್‌ಫೋನ್ ಬ್ಯಾಗಲ್ಲೇ ಇತ್ತು. ಆಗಲೇ ನಮ್ಮ ಸುತ್ತಲಿನ ಸದ್ದುಗಳು ಕಿವಿಗೆ ಬಿದ್ದದ್ದು. ಕಂಡಕ್ಟರ್ ಸೀಟಿ ಹೊಡೆಯುವ ರೀತಿ ಒಬ್ಬೊಬ್ಬರದ್ದು ಒಂದೊಂದು, ಕಣ್ಣು ಮುಚ್ಚಿ ಕೂತರೂ ಇವತ್ತು ಯಾರ ಬಸ್ಸು ಅಂತ ಹೇಳಬಹುದು. ಎಲ್ಲೋ ದೂರದಲ್ಲಿ ಹುಲಿವೇಷದ ತಾಸೆ ಶುರುವಾದರೆ ಕಾಲು ತಾನಾಗಿ ಅಲ್ಲಾಡುತ್ತದೆ. ಇನ್ನು ಹೆಂಚಿನ ಮಾಡಿನ ಮೇಲಿನ ಮಳೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮ ಕರಾವಳಿಯ ಮಳೆಯ ಸದ್ದೇ ಬದಲಾಗಿರಬೇಕು ಅಂತ ನನಗೆ ಅನ್ನಿಸುತ್ತದೆ. ಹುಲ್ಲಿನ ಮಾಡು ಮಳೆಯನ್ನು ಕುಡಿಯುತ್ತದೆ, ಹೆಂಚು ಬಾರಿಸುತ್ತದೆ. ಬಂಟ್ವಾಳದ ಕಡೆಯವರೇ ಆದ ಬಿ.ವಿ. ಕಾರಂತರು ನಾಟಕಗಳಲ್ಲಿ ಇಂಥ ದಿನನಿತ್ಯದ ಸದ್ದುಗಳನ್ನೇ ಸಂಗೀತ ಮಾಡಿದರು, ಸಿನಿಮಾ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಈ ಮಣ್ಣಲ್ಲಿ ಬೆಳೆದವರಿಗೆ ಅದು ಹೊಳೆದದ್ದರಲ್ಲಿ ಆಶ್ಚರ್ಯ ಇಲ್ಲ.

ನಮ್ಮ ಮನೆಯಲ್ಲಿ ಒಂದು ಸದ್ದಿದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಲ್ಪೆಯಿಂದ ಮೀನು ತರುವವರ ಸ್ಕೂಟರಿನ ರಬ್ಬರ್ ಹಾರ್ನ್, ಪೋಂ ಪೋಂ, ಎರಡೇ ಸಲ. ತಿರುವಿನಲ್ಲಿ ಅದು ಕೇಳಿದ ಕೂಡಲೇ ಎಲ್ಲೆಲ್ಲಿದ್ದವೋ ಆ ಬೆಕ್ಕುಗಳೆಲ್ಲ ಬಾಲ ನೆಟ್ಟಗೆ ಮಾಡಿ ಗೇಟಿಗೆ ಓಡುತ್ತವೆ. ಹಿಂದೆಯೇ ಅಮ್ಮ, ಕೈಯಲ್ಲಿ ಅಲ್ಯೂಮಿನಿಯಂ ಪಾತ್ರೆ, ಸೆರಗಿನಲ್ಲಿ ದುಡ್ಡು. ಸಿನಿಮಾದಲ್ಲಿ ಒಬ್ಬೊಬ್ಬರಿಗೆ ಒಂದು ಟ್ಯೂನ್ ಇಡುತ್ತಾರಲ್ಲ, ಅಮ್ಮನದ್ದು ಇದು.

ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಹಾರ್ನ್ ಬಂದು ಹೋಗಿತ್ತಂತೆ, ಬೆಕ್ಕುಗಳು ಮಾತ್ರ ಗೇಟಿನ ಹತ್ತಿರ ಕೂತಿರುತ್ತಿದ್ದವು ಅಂತ ಪಕ್ಕದ ಮನೆಯವರು ಹೇಳಿದರು. ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಗಂಜಿ ಕುದಿಸುತ್ತಿದ್ದೆ. ಹೊರಗೆ ಜೋರು ಮಳೆ, ಒಳಕೋಣೆಯಲ್ಲಿ ಸದ್ದೇ ಇಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡು ಬೆಂಕಿ ಸಣ್ಣ ಮಾಡಿದೆ. ಅಷ್ಟರಲ್ಲಿ ತಿರುವಿನಲ್ಲಿ ಪೋಂ ಪೋಂ.

ಒಂದು ಕ್ಷಣ ಏನೂ ಇಲ್ಲ, ಹೆಂಚಿನ ಮೇಲಿನ ಮಳೆ ಮಾತ್ರ. ಆಮೇಲೆ ಹಾಸಿಗೆಯಿಂದ ಅಮ್ಮನ ಸ್ವರ, ಸಣ್ಣ ಆಗಿತ್ತು, ಆದರೂ ಅದೇ ಗತ್ತು:

"ಬಂಗುಡೆ ಉಂಟಾ ಕೇಳು. ಕಣ್ಣು ಕೆಂಪಾಗಿದ್ರೆ ಬೇಡ."