ಸ್ಟವ್ ಪಿನ್ನು, ವಿನೆಗರ್ ಮತ್ತು ಕಾರಿನ ಎರಡು ತೂತು

15 ಜೂನ್ 2025, ಭಾನುವಾರ

ಇವತ್ತು ಬೆಳಗ್ಗೆಯಿಂದ ಮಳೆ ಬಿಡುವು ಕೊಟ್ಟಿತ್ತು. ಮೃಗಶಿರ ಹುಟ್ಟಿದ ಮೇಲೆ ಬಟ್ಟೆ ಸರಿಯಾಗಿ ಒಣಗಿರಲೇ ಇಲ್ಲ. ಎಲ್ಲವನ್ನೂ ಮಹಡಿ ಮೇಲೆ ಹರವಿ ಸೀದಾ ಕಾರಿನ ಹತ್ತಿರ ಹೋದೆ. ಮುಂದಿನ ಗಾಜಿಗೆ ನೀರು ಚಿಮ್ಮುತ್ತಿಲ್ಲ ಅನ್ನೋದೇ ಒಂದು ವಾರದಿಂದ ತಲೆ ಕೊರೆಯುತ್ತಿತ್ತು.

ಕಳೆದ ಭಾನುವಾರ ಹಾಸನದಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಬೆಳ್ಳೂರು ಕ್ರಾಸ್ ದಾಟಿತ್ತು. ಜಿಟಿಜಿಟಿ ಮಳೆ. ಜೋರು ಮಳೆ ಆಗಿದ್ದರೆ ತೊಂದರೆಯೇ ಇರಲಿಲ್ಲ, ಗಾಜನ್ನು ಅದೇ ತೊಳೆದುಬಿಡುತ್ತಿತ್ತು. ಮುಂದಿದ್ದ ಲಾರಿಯ ಚಕ್ರದಿಂದ ಕೆಸರು ಎಗರಿ ಪೂರ್ತಿ ಗಾಜಿಗೆ ಬಿತ್ತು. ವೈಪರ್ ಹಾಕಿದೆ. ಅಂಗಳಕ್ಕೆ ಸಗಣಿ ಸಾರಿಸಿದ ಹಾಗಾಯಿತು. ನೀರು ಹೊಡೆಯೋಣ ಅಂತ ಸ್ಟೀರಿಂಗ್ ಪಕ್ಕದ ಕಡ್ಡಿ ಎಳೆದರೆ ಗುಂಯ್ ಅಂತ ಶಬ್ದ ಬಂತು, ನೀರು ಬರಲಿಲ್ಲ. ಮೂರ್ನಾಲ್ಕು ಸೆಕೆಂಡ್ ರಸ್ತೆಯೇ ಕಾಣಲಿಲ್ಲ. ಹೇಗೋ ಎಡಕ್ಕೆ ತಂದು ನಿಲ್ಲಿಸಿ, ಕುಡಿಯುವ ನೀರಿನ ಬಾಟಲಿ ಗಾಜಿನ ಮೇಲೆ ಸುರಿದು ಒರೆಸಿದೆ. ಹಿಂದಿನ ಸೀಟಿನಲ್ಲಿದ್ದ ಅಪ್ಪ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಭಯ ಆಗಿದ್ದು.

ಸೋಮವಾರ ಗ್ಯಾರೇಜಿಗೆ ಫೋನ್ ಮಾಡಿದೆ. ನೀರು ಚಿಮ್ಮುವ ನಾಝಲ್ ಎರಡೂ ಬದಲಿಸಬೇಕು, ಪಂಪೂ ಹೋಗಿರಬಹುದು, ಗಾಡಿ ಬಿಟ್ಟು ಹೋಗಿ ಮೇಡಂ ಅಂದರು. ಗಾಡಿಯ ಮುಖ ನೋಡದೆ ಪಂಪ್ ಹೋಗಿದೆ ಅಂದರೆ ನಂಬೋದು ಹೇಗೆ? ಗುಂಯ್ ಅಂತ ನನ್ನ ಕಿವಿಗೇ ಕೇಳಿಸಿದೆಯಲ್ಲ.

ಹಾಗಾಗಿ ಇವತ್ತು ಮಗನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಹನ್ನೆರಡು ವರ್ಷ, ಆ ಸೀಟು ಅಂದರೆ ಪ್ರಾಣ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ, ಇಂಜಿನ್ ಶುರು ಮಾಡದೆ ಕೀ ಮಾತ್ರ ಆನ್ ಮಾಡಿ, 'ನಾನು ಹೇಳಿದಾಗ ಮಾತ್ರ ಎಳಿ' ಅಂದೆ. ಮೊದಲು ಹಿಂದಿನ ಗಾಜಿಗೆ ನೀರು ಹೊಡೆಯುವ ವಾಷರ್ ನೋಡಿದೆವು. ಚೆನ್ನಾಗಿ ಚಿಮ್ಮಿತು. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ನಮ್ಮಂಥ ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಟ್ಯಾಂಕ್ ಒಂದೇ, ಪಂಪೂ ಒಂದೇ. ಮೋಟಾರ್ ಒಂದು ಕಡೆ ತಿರುಗಿದರೆ ಮುಂದಕ್ಕೆ ನೀರು, ಉಲ್ಟಾ ತಿರುಗಿದರೆ ಹಿಂದಕ್ಕೆ. ಹಿಂದೆ ಬರುತ್ತಿದೆ ಅಂದಮೇಲೆ ಟ್ಯಾಂಕಲ್ಲಿ ನೀರಿದೆ, ಫ್ಯೂಸ್ ಹೋಗಿಲ್ಲ, ಮೋಟಾರಿಗೆ ಜೀವ ಇದೆ.

ಬಾನೆಟ್ ಎತ್ತಿದೆ. ಅದರ ಒಳಮೈಗೆ ಅಂಟಿಕೊಂಡು ಸಣ್ಣ ಕಪ್ಪು ರಬ್ಬರ್ ಪೈಪ್ ಹೋಗುತ್ತದೆ, ಮಧ್ಯದಲ್ಲಿ ಕವಲೊಡೆದು ಎರಡು ನಾಝಲ್‌ಗೆ ಸೇರುತ್ತದೆ. ಬಲಗಡೆ ನಾಝಲ್‌ನಿಂದ ಪೈಪನ್ನು ಮೆಲ್ಲಗೆ ತಿರುಚಿ ಎಳೆದೆ. ಹಳೇ ರಬ್ಬರ್, ಜಗ್ಗಿದರೆ ಹರಿದೇ ಹೋಗುತ್ತದೆ. 'ಎಳಿಯೋ' ಅಂದೆ. ಪೈಪಿನ ಬಾಯಿ ಎತ್ತ ಇದೆ ಅಂತ ನೋಡಿಕೊಂಡಿರಲಿಲ್ಲ. ನೇರ ಮುಖಕ್ಕೆ ಹೊಡೆಯಿತು. ಮಗ ನಕ್ಕೂ ನಕ್ಕೂ ಕಡ್ಡಿ ಬಿಡೋದನ್ನೇ ಮರೆತ. ಆದರೆ ಪೈಪಿನವರೆಗೆ ನೀರು ಭರ್ಜರಿಯಾಗಿ ಬರುತ್ತಿದೆ, ಕಟ್ಟಿರೋದು ನಾಝಲ್ಲೇ ಅಂತ ಖಾತ್ರಿಯಾಯಿತು.

ಎಲ್ಲರೂ ಹೇಳುವ ಉಪಾಯ ಸೂಜಿ ಹಾಕೋದು. ಅಪ್ಪನ ಇನ್ಸುಲಿನ್ ಡಬ್ಬಿಯಿಂದ ಹೊಸ ಸಿರಿಂಜ್ ಒಂದನ್ನು ತೆಗೆದುಕೊಂಡು ಬಂದೆ. ಕೂದಲಿನಂಥ ಸೂಜಿ. ಒಂದೇ ಒತ್ತಿಗೆ ಕೊಕ್ಕೆಯಂತೆ ಬಗ್ಗಿತು. ಮುರಿದು ಒಳಗೇ ಉಳಿದಿದ್ದರೆ ಗ್ಯಾರೇಜಿನವರ ಮಾತೇ ನಿಜ ಆಗುತ್ತಿತ್ತು.

"ಅದ್ಯಾಕಮ್ಮಾ ತಗೊಂಡೆ? ಇನ್ನು ಆರೇ ಇರೋದು," ಅಂದರು ಅಪ್ಪ. ಪೇಪರ್ ಮಡಿಚಿಟ್ಟು ಒಳಗೆ ಹೋದರು. ಹತ್ತು ನಿಮಿಷ ಅಟ್ಟದ ಮೇಲೆ ಏನೋ ಸದ್ದು. ತುಕ್ಕು ಹಿಡಿದ ಬೋರ್ನ್‌ವಿಟಾ ಡಬ್ಬಿ ಹಿಡಿದು ಬಂದರು. ಅದರಲ್ಲಿ ಸ್ಟವ್ ಪಿನ್ನು! ಚಪ್ಪಟೆ ತಗಡಿನ ತುದಿಯಲ್ಲಿ ಗಿಡ್ಡ ತಂತಿ. ಸೀಮೆಎಣ್ಣೆ ಪಂಪ್ ಸ್ಟವ್ ಇದ್ದ ಮನೆಯವರಿಗೆ ಹೇಳಬೇಕಾಗಿಲ್ಲ. ಎಣ್ಣೆಯ ಆವಿ ಚಿಮ್ಮುವ ನಿಪ್ಪಲ್ ಕಟ್ಟಿದರೆ ಉರಿ ಹಳದಿಗೆ ತಿರುಗಿ, ಪಾತ್ರೆ ತಳವೆಲ್ಲ ಮಸಿ. ಆಗ ಈ ಪಿನ್ ಹಾಕಿ ಆಡಿಸಿದರೆ ಮತ್ತೆ ಬುಸ್ ಅಂತ ನೀಲಿ ಉರಿ. ಅಮ್ಮನ ಸ್ಟವ್ ಗುಜರಿಗೆ ಹೋಗಿ ಇಪ್ಪತ್ತು ವರ್ಷವೇ ಆಗಿರಬೇಕು. ಪಿನ್ ಮಾತ್ರ ಇಟ್ಟುಕೊಂಡಿದ್ದಾರೆ.

ಪಿನ್ ಸಲೀಸಾಗಿ ಹೋಯಿತು. ಪೈಪ್ ಸಿಕ್ಕಿಸಿ ನೋಡಿದರೆ ಒಂದು ಸಲ ಚಿರ್ ಅಂತು, ಮತ್ತೆ ಬಂದ್. ಇನ್ನೊಮ್ಮೆ ಚುಚ್ಚಿದೆ, ಅದೇ ಕಥೆ. ಹೊರಗಿನಿಂದ ಚುಚ್ಚಿದರೆ ಕೊಳೆ ಒಳಕ್ಕೆ ಸರಿಯುತ್ತದೆ ಅಷ್ಟೆ, ಪಂಪ್ ಒತ್ತಡಕ್ಕೆ ಮತ್ತೆ ಅದೇ ಬಾಯಿಗೆ ಬಂದು ಕೂರುತ್ತದೆ. ನಾಝಲ್ಲನ್ನೇ ಕಳಚಬೇಕಿತ್ತು.

ಅದನ್ನು ಹಿಡಿದಿರೋದು ಎರಡು ಪ್ಲಾಸ್ಟಿಕ್ ಕಿವಿ. ಬಾನೆಟ್ ಒಳಗಿನಿಂದ ಎರಡನ್ನೂ ಒತ್ತಿ ಹಿಡಿದು ಮೇಲಕ್ಕೆ ತಳ್ಳಬೇಕು. ಬಲಗಡೆಯದು ಮರ್ಯಾದೆಯಿಂದ ಬಂತು. ಎಡಗಡೆಯದರ ಒಂದು ಕಿವಿ ಪಟ್ ಅಂತ ಮುರಿಯಿತು. ಇಂಜಿನ್ ಕಾವು ಕೆಳಗೆ, ಬಿಸಿಲು ಮೇಲೆ, ಎಂಟು ವರ್ಷದ ಪ್ಲಾಸ್ಟಿಕ್. ಮೊದಲು ಬಿಸಿನೀರಿನ ಬಟ್ಟೆ ಒತ್ತಿ ಮೆತ್ತಗೆ ಮಾಡಿಕೊಳ್ಳಬೇಕಿತ್ತು. ಆಮೇಲೆ ಹೊಳೆಯಿತು.

ಕೈಯಲ್ಲಿ ಹಿಡಿದು ನೋಡಿದರೆ ಒಳಗೆಲ್ಲ ಬಿಳಿ ಪೊರೆ. ಗೀಸರ್ ಕಾಯಿಲ್‌ಗೆ, ಬಾತ್‌ರೂಮ್ ನಲ್ಲಿಗೆ ಕಟ್ಟುವಂಥದ್ದೇ. ಅದರ ಹಿಂದೆ ಹಸಿರು ಲೋಳೆ. ಎರಡಕ್ಕೂ ಕಾರಣ ನಾನೇ, ಒಪ್ಪಿಕೊಳ್ಳುತ್ತೇನೆ.

ನಮ್ಮದು ಬೆಂಗಳೂರಿಗೆ ಆಮೇಲೆ ಸೇರಿದ 110 ಹಳ್ಳಿಗಳ ಸೀಮೆ. ಕಾವೇರಿ ನೀರಿನ ಯೋಜನೆಯ ಐದನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲೇ ಚಾಲನೆ ಸಿಕ್ಕಿದೆ, ನಾವಿನ್ನೂ ಸಂಪರ್ಕಕ್ಕೆ ಅರ್ಜಿ ಹಾಕಿಲ್ಲ, ಹಾಗಾಗಿ ಬೋರ್ ನೀರೇ ಗತಿ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯಲಿ ಅನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ನಾವು ಪರೀಕ್ಷೆ ಮಾಡಿಸಿದಾಗ ನಮ್ಮದು 540 ಬಂದಿತ್ತು. ಅದಕ್ಕೇ ನೀರು ಶುದ್ಧ ಮಾಡುವ ಆರ್‌ಒ ಹಾಕಿಸಿದ್ದು. ಆರ್‌ಒದಿಂದ ಹೊರಬೀಳುವ ನೀರು ಸುಮ್ನೆ ಚರಂಡಿಗೆ ಹೋಗುತ್ತಲ್ಲ ಅಂತ ಬಕೆಟ್ಟಿಗೆ ಹಿಡಿದು ನೆಲ ಒರೆಸುತ್ತೇನೆ. ಇಲ್ಲಿವರೆಗೆ ಸರಿ. ಅದೇ ನೀರನ್ನೇ ಎರಡು ವರ್ಷದಿಂದ ವಾಷರ್ ಟ್ಯಾಂಕಿಗೂ ತುಂಬಿದ್ದೇನೆ! ಆರ್‌ಒ ನಮ್ಮ ಲೋಟದಿಂದ ತೆಗೆದ ಉಪ್ಪೆಲ್ಲ ಇರೋದು ಆ ಬಕೆಟ್ಟಿನಲ್ಲೇ ಅಲ್ವಾ. ಪ್ರತಿ ಸಲ ನೀರು ಹೊಡೆದ ಮೇಲೆ ನಾಝಲ್ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ, ಒಣಗುತ್ತದೆ, ಸುಣ್ಣ ಬಿಟ್ಟು ಹೋಗುತ್ತದೆ. ಮೂಗುತಿ ತೂತಿನಷ್ಟು ಜಾಗ ಮುಚ್ಚಲು ಇನ್ನೆಷ್ಟು ಬೇಕು? ಸಾಲದ್ದಕ್ಕೆ ಗಾಜು ಹೊಳೆಯಲಿ ಅಂತ ಒಂದು ರೂಪಾಯಿ ಶಾಂಪೂ ಸ್ಯಾಶೆ ಬೇರೆ. ಲೋಳೆ ಬೆಳೆಯದೆ ಇನ್ನೇನಾಗುತ್ತದೆ.

"ಹುಣಸೆಹಣ್ಣು ಹಾಕಿ ನೆನೆಸು," ಅಂದರು ಅಪ್ಪ. ಚೊಂಬಿಗಾದರೆ ಸರಿ, ಈ ತೂತಿಗೆ ಹುಣಸೆ ನಾರು ಸಿಕ್ಕಿದರೆ ಅದನ್ನು ತೆಗೆಯೋರ್ಯಾರು? ಗೋಬಿ ಮಂಚೂರಿಗೆ ತಂದಿದ್ದ ವಿನೆಗರ್ ಇತ್ತು. ಸ್ಟೀಲ್ ಬಟ್ಟಲಲ್ಲಿ ಉಗುರುಬೆಚ್ಚಗೆ ಮಾಡಿ ನಾಝಲ್ ಎರಡನ್ನೂ ಮುಳುಗಿಸಿದೆ. ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ಸುಣ್ಣ ಕರಗುತ್ತಿದೆ ಅನ್ನೋದಕ್ಕೆ ಅದೇ ಗುರುತು. ಗುಳ್ಳೆ ನಿಂತಾಗ ಮುಕ್ಕಾಲು ಗಂಟೆ ಆಗಿತ್ತು. ಆಮೇಲೆ ಪಿನ್ ಆಡಿಸಿ, ಸೂಜಿ ಇಲ್ಲದ ದೊಡ್ಡ ಸಿರಿಂಜಿನಲ್ಲಿ ನೀರು ತುಂಬಿ, ಚಿಮ್ಮುವ ಬಾಯಿಯಿಂದ ಹಿಂದಕ್ಕೆ ಒತ್ತಿದೆ. ಅಕ್ಕಿ ನುಚ್ಚಿನಂಥ ಚೂರುಗಳು ಉದುರಿದವು. ಅದನ್ನು ನೋಡಿದ ಸಂತೋಷ ಇದೆಯಲ್ಲ, ಕಿವಿಯ ಗುಗ್ಗೆ ತೆಗೆದ ಹಾಗೆ.

ಬಟ್ಟಲಲ್ಲಿ ಗುಳ್ಳೆ ಏಳುತ್ತಿದ್ದ ಹೊತ್ತಿನಲ್ಲೇ ಟ್ಯಾಂಕ್ ಖಾಲಿ ಮಾಡಿದ್ದೆವು. ಅದು ಬಂಪರ್ ಹಿಂದೆ ಅಡಗಿದೆ, ಬಿಚ್ಚೋದು ನನ್ನ ಕೈಲಾಗದು. ಕಳಚಿದ ಪೈಪನ್ನು ಬಕೆಟ್ಟಿಗೆ ಇಳಿಬಿಟ್ಟು ಪಂಪಿನಿಂದಲೇ ಹೊಡೆಸಿದೆ. ಐದಾರು ಸೆಕೆಂಡ್ ಹೊಡೆಸೋದು, ಬಿಡೋದು. ಮಗ ಎಣಿಸುತ್ತಿದ್ದ. ಒಂದೇ ಸಮ ಒತ್ತಿ ಹಿಡಿದರೆ, ಅದರಲ್ಲೂ ಟ್ಯಾಂಕ್ ಬರಿದಾದ ಮೇಲೆ, ಮೋಟಾರ್ ಸುಟ್ಟೀತು. ಎರಡು ಸಲ ಹೊಸ ನೀರು ಹಾಕಿ ತೆಗೆದ ಮೇಲೆ ಲೋಳೆ ಬರೋದು ನಿಂತಿತು. ಈ ಸಲ ತುಂಬಿದ್ದು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಜೊತೆಗೆ ವಾಷರ್ ಲಿಕ್ವಿಡ್. ಶಾಂಪೂ ಇಲ್ಲ.

ಮುರಿದ ಕಿವಿಗೆ ಎಂ-ಸೀಲ್ ಮೆತ್ತು ಅಂದರು ಅಪ್ಪ. ಮುಂದಿನ ಸಲ ಬಿಚ್ಚೋಕಾಗಲ್ಲ ಅಂತ ನಾನು ಒಪ್ಪಲಿಲ್ಲ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಒಂದು ಉಂಗುರ ಮಾಡಿ ಸುತ್ತಿದೆ. ಬಿಗಿಯಾಗಿ ಕೂತಿದೆ.

ಕೊನೆಗೆ ಗುರಿ ಹಿಡಿಯುವ ಕೆಲಸ. ನಮ್ಮ ನಾಝಲ್‌ನಲ್ಲಿ ಗುಂಡಗಿನ ಮಣಿಯೊಂದಿದೆ, ತೂತಿಗೆ ಪಿನ್ ಸಿಕ್ಕಿಸಿ ಅತ್ತಿತ್ತ ತಿರುಗಿಸಬಹುದು. (ಬೀಸಣಿಗೆ ಹಾಗೆ ನೀರು ಹರಡುವ ಹೊಸ ಬಗೆಯದಾದರೆ ಪಿನ್ ಹಾಕಲೇಬಾರದು, ಒಳಗಿನ ಆಕಾರ ಕೆಟ್ಟರೆ ಮುಗಿಯಿತು.) ಗಾಜಿನ ನಡುಮಧ್ಯಕ್ಕಿಂತ ಸ್ವಲ್ಪ ಮೇಲಕ್ಕೆ ಇಡಬೇಕು, ಓಡುವಾಗ ಗಾಳಿ ನೀರನ್ನು ಕೆಳಕ್ಕೆ ಒತ್ತುತ್ತದೆ. ನಾನು ಸ್ವಲ್ಪ ಅಲ್ಲ, ಬಹಳವೇ ಮೇಲಕ್ಕೆ ಇಟ್ಟೆ. ಮಗ ಕಡ್ಡಿ ಎಳೆದ. ನೀರು ಕಾರಿನ ತಲೆ ಹಾರಿ, ಆ ಕಡೆ ಪೇಪರ್ ಓದುತ್ತಾ ನಿಂತಿದ್ದ ಅಪ್ಪನ ಮೇಲೆ ಬಿತ್ತು.

"ಬಂತು ಬಿಡು ನೀರು," ಅಂದರು.

ಸಂಜೆ ಬೀದಿಯಲ್ಲಿ ಒಂದು ಸುತ್ತು ಓಡಿಸಿದೆ. ಬಲಗಡೆಯದು ಸರಿಯಾಗಿ ಬೀಳುತ್ತಿದೆ. ಎಡಗಡೆಯದು ಇನ್ನೂ ವೈಪರ್ ಬುಡಕ್ಕೇ ಹೊಡೆಯುತ್ತಿದೆ. ಪಿನ್ ಕೇಳೋಣ ಅಂತ ಒಳಗೆ ಬಂದರೆ, ಅಪ್ಪ ಆಗಲೇ ಡಬ್ಬಿಯನ್ನು ಅಟ್ಟಕ್ಕೆ ಸೇರಿಸಿ ಮಲಗಿದ್ದರು.