ಕೆರೆಯ ಕಪ್ಪೆಚಿಪ್ಪು, ಕಡಲ ಡೈನೊಫ್ಲಾಜೆಲೇಟ್

ತುಮಕೂರು ಕಡೆಯ ಕೆರೆಗಳಲ್ಲಿ ನೀರು ಇಳಿದಾಗ ಕೆಸರಲ್ಲಿ ಅರ್ಧ ಹೂತ ಕಪ್ಪೆಚಿಪ್ಪು ಸಿಕ್ಕರೆ ಅದರ ಹಿಂತುದಿ ನೋಡಿ, ಎರಡು ಕಂಡಿ ಇರುತ್ತವೆ. ಕೆಳಗಿನದರಿಂದ ನೀರು ಒಳಗೆ. ಕಿವಿರು ಪಾಚಿ ಸೋಸಿಕೊಂಡ ಮೇಲೆ ಮೇಲಿನದರಿಂದ ಹೊರಗೆ. ಮರಿಗಳು ಮೊದಲು ಮೀನಿನ ಕಿವಿರಿಗೋ ಈಜುರೆಕ್ಕೆಗೋ ಅಂಟಿಕೊಂಡೇ ಬೆಳೆಯಬೇಕು. ಮೀನಿಲ್ಲದ ಕೆರೆಯಲ್ಲಿ ಮುದಿ ಚಿಪ್ಪುಗಳಷ್ಟೇ ಉಳಿಯುತ್ತವೆ, ನನಗೆ ಇದರದ್ದೇ ಚಿಂತೆ. ಹೂಳೆತ್ತುವಾಗ ಬಿಗಿಯಾಗಿ ಮುಚ್ಚಿದ್ದು ಸಿಕ್ಕರೆ ಸಾಮಾನ್ಯವಾಗಿ ಜೀವ ಇರುತ್ತದೆ, ದಯವಿಟ್ಟು ನೀರಿಗೆ ಬಿಡಿ.

ಕಡಲ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗೆ ಮರಿ ಬೆಳೆಸಲು ಮೀನಿನ ಹಂಗಿಲ್ಲ. ಒಂದೇ ಕೋಶ, ಚಾವಟಿಯಂಥ ಎರಡು ಎಳೆ, ತಿರುಗುತ್ತಲೇ ಈಜು. ಎರಡಾಗಿ ಸೀಳಿ ಹೆಚ್ಚುತ್ತದೆ. ಇವುಗಳಲ್ಲಿ ಅಲೆಕ್ಸಾಂಡ್ರಿಯಂ ಎಂಬ ಕುಲದ ಕೆಲವು ಪ್ರಭೇದಗಳು ಸ್ಯಾಕ್ಸಿಟಾಕ್ಸಿನ್ ವಿಷ ತಯಾರಿಸುತ್ತವೆ. ಕಡಲ ಕಪ್ಪೆಚಿಪ್ಪು ಅವನ್ನು ಸೋಸಿ ತಿಂದು ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ.